ಹಡಗಲಿಯ ಮನೆಮಾತು

ಹೂವಿನಹಡಗಲಿಯ ಹೆಸರನ್ನು ಕೇಳಿದವರು ಮೊದಲು ಹೂವನ್ನು ನೆನೆಯುತ್ತಾರೆ, ಆಮೇಲೆ ಹಡಗನ್ನು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಮಲ್ಲಿಗೆಯನ್ನು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪೆಗೆ ಸಾಗಿಸುತ್ತಿದ್ದರಂತೆ. ಅದರಿಂದಲೇ ಊರಿಗೆ ಈ ಹೆಸರು ಬಂದಿತಂತೆ. ಕತೆ ಸೊಗಸಾಗಿದೆ. ಆದರೆ ಹಂಪೆಯಲ್ಲಿ ಆ ಅರಸರು ನೆಲೆಯೂರುವುದಕ್ಕೆ ಬಹಳ ಮೊದಲೇ, ಚಾಲುಕ್ಯರ ಕಾಲದ ಶಾಸನಗಳಲ್ಲಿ, ಈ ಊರು ಹೂವಿನ ವಿಶೇಷಣವನ್ನೂ ಹೊತ್ತುಕೊಂಡು 'ಪಡಂಗಿಲೆ' ಎಂಬ ರೂಪದಲ್ಲಿ ಕಾಣಿಸಿಕೊಂಡಿದೆ. ಹಡಗು ಬಂದುದು ಜನರ ಕಲ್ಪನೆಯಿಂದ ಇರಬೇಕು. ಮಲ್ಲಿಗೆ ಮಾತ್ರ ನಿಜ. ಇಂದಿಗೂ ಅದರ ತೋಟಗಳು ಇವೆ, 'ಹಡಗಲಿ ಮಲ್ಲಿಗೆ' ಎಂಬ ಹೆಸರಿಗೆ ಸರ್ಕಾರದ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಹೂವಿಗೆ ತನ್ನ ಹೆಸರಿನ ಮೇಲೆ ಹಕ್ಕು ದೊರೆತ ಊರಿನಲ್ಲಿ ಮನುಷ್ಯರ ಮಾತಿಗೆ ಅಂಥ ಹಕ್ಕು ದೊರೆತಿದೆಯೆ ಎಂಬುದು ನನ್ನ ಇಂದಿನ ಪ್ರಶ್ನೆ.

ಊರು ದೊಡ್ಡದಲ್ಲ. ೨೦೧೧ರ ಜನಗಣತಿಯಲ್ಲಿ ಪುರಸಭೆಯ ಎಲ್ಲೆಯೊಳಗಿನ ಜನ ಮೂವತ್ತು ಸಾವಿರವನ್ನು ಮುಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಒಂದು ಬಡಾವಣೆಗೆ ಸಾಲದಷ್ಟು ಜನ! ಆದರೂ ಇದು ತಾಲ್ಲೂಕಿನ ತಲೆಯೂರು. ಸುತ್ತಲಿನ ಹಳ್ಳಿಗಳಿಗೆ ಕಚೇರಿ, ಕಾಲೇಜು, ಆಸ್ಪತ್ರೆ, ಸಂತೆ, ಗಿರಣಿ ಎಲ್ಲವೂ ಇಲ್ಲಿಯೇ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳು ಊರೊಳಗೂ ಹತ್ತಿರದ ಹಿರೇಹಡಗಲಿ, ಮಾಗಳಗಳಲ್ಲಿಯೂ ಇವೆ. ಹೊಳಲಿನಲ್ಲಿ ಅನಂತಶಯನನು ಮಲಗಿದ್ದಾನೆ. ಪ್ರವಾಸಿಗರು ಹಂಪೆಯನ್ನು ನೋಡಿ ಹಿಂದಿರುಗುವ ಅವಸರದಲ್ಲಿ ಇವನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಬಿಡಲಿ, ಇವುಗಳ ವಿಷಯ ಇನ್ನೊಂದು ಭಾನುವಾರಕ್ಕೆ ಇರಲಿ.

'ಹಡಗಲಿ ಎಂಥ ಊರು?' ಎಂದು ಯಾರಾದರೂ ಕೇಳಿದರೆ 'ಅಚ್ಚಕನ್ನಡದ ಊರು' ಎಂದು ಹೇಳುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆ. ಆ ಮಾತು ಸುಳ್ಳೆಂದು ಈಗ ಹೇಳಲು ಹೊರಟಿಲ್ಲ. ಅದು ಯಾವ ಅರ್ಥದಲ್ಲಿ ನಿಜ ಎಂಬುದನ್ನು ಮಾತ್ರ ನೋಡಬೇಕೆಂದಿದ್ದೇನೆ.

ಈ ಸೀಮೆಯಲ್ಲಿ ನಮಗೆ ದೊರೆತಿರುವ ತೀರ ಹಳೆಯ ಬರಹ ಕನ್ನಡದ್ದಲ್ಲ ಎಂಬ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ತಿಳಿಯದು. ಹಿರೇಹಡಗಲಿಯಲ್ಲಿ ಸಿಕ್ಕಿದ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಕ್ರಿಸ್ತಶಕ ನಾಲ್ಕನೆಯ ಶತಮಾನದವು. ಅವುಗಳ ಭಾಷೆ ಪ್ರಾಕೃತ. ಕಂಚಿಯಿಂದ ಹೊರಟ ಅಪ್ಪಣೆ ಅದು. ಅದರಲ್ಲಿ ಈ ನಾಡನ್ನು 'ಸಾತಾಹನಿ ರಟ್ಠ' ಎಂದು ಕರೆದಿದೆ. ಆಗ ಇಲ್ಲಿ ಹೊಲ ಉಳುತ್ತಿದ್ದವನು ಎತ್ತನ್ನು ಪ್ರಾಕೃತದಲ್ಲಿ ಬೈಯುತ್ತಿದ್ದನೆಂದು ಯಾರೂ ನಂಬಲಾರರು. ಅಪ್ಪಣೆಯ ಭಾಷೆ ಒಂದು, ಅಂಗಳದ ಭಾಷೆ ಇನ್ನೊಂದು ಆಗಿರುವುದು ಹಡಗಲಿಗೆ ಹದಿನಾರು ನೂರು ವರ್ಷಗಳ ಹಳೆಯ ರೂಢಿ. ಕಾಗದದಲ್ಲಿ ಕಂಡುದನ್ನೇ ಊರಿನ ನಾಲಗೆ ಎಂದು ತಿಳಿಯುವವನು ಆ ತಾಮ್ರಪಟಗಳನ್ನು ಒಮ್ಮೆ ನೆನೆಯಬೇಕು.

ಹತ್ತಿರದ ಕಾಲಕ್ಕೆ ಬರೋಣ. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಹಡಗಲಿ ಒಂದೂವರೆ ಶತಮಾನ ಮದರಾಸಿನ ಆಡಳಿತದಲ್ಲಿತ್ತು. ಹೊಳೆ ದಾಟಿದರೆ ಮುಂಡರಗಿ, ಅದು ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಹೊಳೆಯ ಗುಂಟ ಕೆಳಗೆ ಹೋದರೆ ಆಚೆ ದಡದ ಕೊಪ್ಪಳ ನಿಜಾಮನದು. ತೆಂಕಣಕ್ಕೆ ಹರಪನಹಳ್ಳಿಯನ್ನು ಕಳೆದು ದಾವಣಗೆರೆಯ ಕಡೆ ನಡೆದರೆ ಮೈಸೂರು ಸಂಸ್ಥಾನ. ಊರಿನ ಲೆಕ್ಕ ಬರೆಯುವ ಒಬ್ಬನೇ ಮನುಷ್ಯ ಇಲ್ಲಿ ಕರಣಂ, ಹೊಳೆಯಾಚೆ ಕುಲಕರ್ಣಿ, ಕೊಪ್ಪಳದ ಕಡೆ ಪಟವಾರಿ, ಮೈಸೂರಿನ ಕಡೆ ಶಾನುಭೋಗ! ನಾಲ್ಕು ಸರ್ಕಾರಗಳ ನಾಲ್ಕು ದಫ್ತರಗಳು ಒಂದೆರಡು ದಿನದ ದಾರಿಯೊಳಗೆ ಇದ್ದುವು. ಹೆಣ್ಣು ಕೊಡುವುದು, ತರುವುದು, ಎತ್ತು ಮಾರುವುದು, ಜಾತ್ರೆಗೆ ಹೋಗುವುದು ಮಾತ್ರ ಈ ಗೆರೆಗಳನ್ನು ಲೆಕ್ಕಿಸದೆ ನಡೆಯುತ್ತಿತ್ತು. ಹಡಗಲಿಯವರ ಬಾಯಲ್ಲಿ ಇವತ್ತಿಗೂ ಕೇಳುವ 'ಬಂದಾನ', 'ಹೋಗ್ಯಾಳ' ಎಂಬ ಧಾಟಿ ಹೊಳೆಯಾಚೆಯ ನಂಟಸ್ತಿಕೆಯಿಂದ ಉಳಿದುದು. ಮದರಾಸಿನ ಆಡಳಿತ ಅದನ್ನು ಬಿಡಿಸಲಾರದೆ ಹೋಯಿತು.

ಜನಗಣತಿ ಎಂಬ ಪದ್ಧತಿ ಬಂದುದೂ ಆ ಆಡಳಿತದೊಡನೆಯೇ. ಹಿಂದಿನವರು ಅದನ್ನು 'ಖಾನೇಷುಮಾರಿ' ಎನ್ನುತ್ತಿದ್ದರು. ಆ ಹೆಸರಿನ ಕೊನೆಯಲ್ಲಿರುವ 'ಮಾರಿ' ಎಂಬುದು ಜನರಿಗೆ ಬೇರೆ ಅರ್ಥದಲ್ಲಿ ಕೇಳಿಸುತ್ತಿದ್ದರೆ ಆಶ್ಚರ್ಯವಿಲ್ಲ. ೧೮೭೬ರಿಂದ ೭೮ರವರೆಗಿನ ಬರ ಬಳ್ಳಾರಿ ಜಿಲ್ಲೆಯನ್ನು ತಿಂದು ಹಾಕಿತು. ಮುಂದೆ ೧೮೮೧ರಲ್ಲಿ ಎಣಿಸಿದಾಗ ಜಿಲ್ಲೆಯ ಜನ ಹತ್ತು ವರ್ಷಗಳ ಹಿಂದೆ ಇದ್ದುದಕ್ಕಿಂತ ಬಹಳ ಕಡಿಮೆಯಾಗಿದ್ದರು. ಸತ್ತವರ ಲೆಕ್ಕ ನಮಗೆ ಅಷ್ಟಿಷ್ಟು ದೊರೆತಿರುವುದು ಈ ಪಟ್ಟಿಗಳಿಂದಲೇ. ಎಣಿಕೆಯನ್ನು ಹಗುರಾಗಿ ಕಾಣುವವನು ನಾನಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಹಡಗಲಿಯ ಇತಿಹಾಸದಲ್ಲಿ ಒಂದು ಅಂಕಣಕ್ಕೆ ಅಪಾರವಾದ ಶಕ್ತಿ ಬಂದುದು ೧೯೫೩ರಲ್ಲಿ. ಆಂಧ್ರ ರಾಜ್ಯ ಹುಟ್ಟುವಾಗ ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಯಿತು. ಯಾವ ತಾಲ್ಲೂಕಿನಲ್ಲಿ ಯಾವ ಮಾತಿನವರು ಹೆಚ್ಚು ಎಂಬುದೇ ಮುಖ್ಯವಾದ ಅಳತೆಗೋಲು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪಗಳ ವಿಷಯದಲ್ಲಿ ಸಂಶಯ ತಲೆದೋರಲಿಲ್ಲ. ಬಳ್ಳಾರಿ ತಾಲ್ಲೂಕಿನದೊಂದೇ ತಕರಾರು, ಅದಕ್ಕಾಗಿ ನ್ಯಾಯಮೂರ್ತಿ ಮಿಶ್ರಾ ಅವರು ಬಂದು ವಿಚಾರಣೆ ಮಾಡಿದರು. ಅಕ್ಟೋಬರ್ ಒಂದರಂದು ಹಡಗಲಿ ಮೈಸೂರಿಗೆ ಸೇರಿತು. ಅದಕ್ಕೆ ಆರು ವರ್ಷ ಮೊದಲು, ೧೯೪೭ರಲ್ಲಿ, ನೆರೆಯ ಹರಪನಹಳ್ಳಿಯಲ್ಲಿಯೇ ಸಿ. ಕೆ. ವೆಂಕಟರಾಮಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿತ್ತು. ಈ ಭಾಗದ ಜನ ಕನ್ನಡಕ್ಕೆ ಸೇರಬೇಕೆಂದು ಸುಮ್ಮನೆ ಕುಳಿತು ಹಾರೈಸಿದವರಲ್ಲ. ಬಳ್ಳಾರಿಯಲ್ಲಿ ಆ ದಿನಗಳಲ್ಲಿ ಕನ್ನಡಕ್ಕಾಗಿ ಜೀವ ತೆತ್ತವನ ಹೆಸರು ಪಿಂಜಾರ ರಂಜಾನ್ ಸಾಬ್ ಎಂಬುದನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಹೇಳುತ್ತೇವೆ. ಹೇಳಿದ ಮೇಲೆ ಆ ಹೆಸರಿನ ಅರ್ಥವನ್ನು ಕುರಿತು ಕ್ಷಣಕಾಲ ನಿಲ್ಲುವುದಿಲ್ಲ. ಆತನ ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತೆಂದು ಆ ದಿನ ಯಾರೂ ಕೇಳಿರಲಾರರು.

ನಾನು ಹಡಗಲಿಗೆ ಉಪಾಧ್ಯಾಯನಾಗಿ ಬಂದುದು ಎಷ್ಟೋ ವರ್ಷಗಳ ಮೇಲೆ. ೧೯೯೧ರ ಫೆಬ್ರವರಿಯಲ್ಲಿ ನನ್ನಂಥ ಎಲ್ಲ ಮಾಸ್ತರರ ಹೆಗಲಿಗೂ ಗಣತಿಯ ಚೀಲ ಬಿದ್ದಿತು. ನನಗೆ ಬಂದ ಭಾಗ ಊರಿನ ಅಂಚಿನ ಎರಡು ಓಣಿಗಳು. ತರಬೇತಿಯಲ್ಲಿ ಕೊಟ್ಟ ಕೈಪಿಡಿ ಮಾತೃಭಾಷೆಯ ವಿಷಯದಲ್ಲಿ ಬಹಳ ಸ್ಪಷ್ಟವಾಗಿತ್ತು: ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಮಾತು ಯಾವುದೋ ಅದು ಮಾತೃಭಾಷೆ, ಕೇಳಿದವರು ಏನು ಹೇಳುತ್ತಾರೋ ಅದನ್ನೇ ಬರೆಯತಕ್ಕದ್ದು. ಎರಡೂ ಒಳ್ಳೆಯ ನಿಯಮಗಳೇ. ಎರಡಕ್ಕೂ ಜಗಳ ಬಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಅಲ್ಲಿ ಹೇಳಿರಲಿಲ್ಲ.

ಗಾರೆ ಕೆಲಸ ಮಾಡುವವನೊಬ್ಬನ ಮನೆ. ತಾಂಡಾ ಬಿಟ್ಟು ಊರೊಳಗೆ ಬಂದು ನೆಲಸಿ ಕೆಲವು ವರ್ಷಗಳಾಗಿದ್ದುವು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ. ಹೆಸರು, ವಯಸ್ಸು, ಓದು ಎಲ್ಲ ಆಯಿತು. ಮನೆಮಾತು ಯಾವುದೆಂದು ಕೇಳಿದೆ.

'ಕನ್ನಡಾನ ಬರ್ಕೊಳ್ರಿ ಮಾಸ್ತರ. ನಾವೇನು ಹೊರಗಿನವರಲ್ಲ' ಎಂದ.

ಅದೇ ಹೊತ್ತಿಗೆ ಒಳಗಿನಿಂದ ಮೂರು ವರ್ಷದ ಮಗು 'ಯಾಡಿ, ಯಾಡಿ' ಎಂದು ಅಳುತ್ತ ಬಂದಿತು. ಲಂಬಾಣಿ ಮಾತಿನಲ್ಲಿ ಯಾಡಿ ಎಂದರೆ ತಾಯಿ. ತಾಯಿ ಬಂದು ಮಗುವನ್ನು ಎತ್ತಿಕೊಂಡು ಅದೇ ಮಾತಿನಲ್ಲಿ ರಮಿಸುತ್ತ ಒಳಗೆ ಹೋದಳು. ಆತ ನನ್ನ ಮುಖ ನೋಡಿದ. ನಾನು ಆತನ ಮುಖ ನೋಡಿದೆ. ಆಮೇಲೆ ಐದು ಜನರ ಹೆಸರಿನ ಮುಂದೆಯೂ 'ಕನ್ನಡ' ಎಂದು ಬರೆದೆ. ಹೇಳಿದುದನ್ನೇ ಬರೆಯತಕ್ಕದ್ದು ಎಂಬುದು ನಿಯಮ. ನಿಯಮವನ್ನು ಪಾಲಿಸಿದೆನೆಂಬ ಸಮಾಧಾನ ಓಣಿಯ ಕೊನೆಯವರೆಗೂ ನಿಲ್ಲಲಿಲ್ಲ.

ಮರುದಿನ ಇನ್ನೊಂದು ಓಣಿಯಲ್ಲಿ ಒಬ್ಬ ಮುದುಕಿ. 'ಮನ್ಯಾಗ ನಾವು ಮುಸಲ್ಮಾನಿ ಮಾತಾಡ್ತೀವಪ್ಪ. ಅದಕ್ಕ ಉರ್ದು ಅಂತಾರಂತ, ನಮ್ಮ ಹುಡುಗ ಹೇಳ್ತಾನ. ನನಗ ಅದನ್ನ ಓದಾಕ ಬರಂಗಿಲ್ಲ, ಕನ್ನಡಾನೂ ಓದಾಕ ಬರಂಗಿಲ್ಲ. ನಿನಗ ಯಾವುದು ಸರಿ ಕಾಣತದ ಅದನ್ನ ಬರಿ' ಎಂದಳು. ಇಷ್ಟನ್ನೂ ಆಕೆ ಹೇಳಿದ್ದು ಹಡಗಲಿಯ ಕನ್ನಡದಲ್ಲಿ. ಪಕ್ಕದ ಮನೆಯವರು ಬಟ್ಟೆ ಹೊಲಿಯುವವರು; ಅವರದು ಮರಾಠಿ, ಆದರೆ ಪಂಢರಪುರದವರಿಗೆ ಕೇಳಿಸಿದರೆ ಅವರು ನಕ್ಕಾರು. ಅದರಾಚೆ ಮನೆಯಲ್ಲಿ ಅತ್ತೆಯ ಮಾತು ತೆಲುಗು, ಸೊಸೆಯ ಮಾತು ಕನ್ನಡ. ಜಗಳ ಮಾತ್ರ ಎರಡರಲ್ಲಿಯೂ.

ಈ ಎಲ್ಲ ಜನರೂ ಸಂತೆಯಲ್ಲಿ ಸೇರಿದರೆ ಒಂದೇ ಮಾತು. ಮೆಣಸಿನಕಾಯಿಯ ಬೆಲೆ ಕನ್ನಡದಲ್ಲಿ ಏರುತ್ತದೆ, ಕನ್ನಡದಲ್ಲಿ ಇಳಿಯುತ್ತದೆ. ದಿವಂಗತ ಎಂ. ಪಿ. ಪ್ರಕಾಶರು ಈ ಊರಿನಲ್ಲಿ 'ರಂಗಭಾರತಿ'ಯನ್ನು ಕಟ್ಟಿ ಬೆಳೆಸಿದುದು ಓದುಗರಿಗೆ ತಿಳಿದೇ ಇದೆ. ಮಂತ್ರಿಪದವಿ, ಉಪಮುಖ್ಯಮಂತ್ರಿಪದವಿ ಬಂದು ಹೋದುವು. ಅವರ ಹೆಸರು ಹೇಳಿದರೆ ಊರಿನವರು ನಾಟಕವನ್ನೂ ನೆನೆಯುತ್ತಾರೆ. ಆ ನಾಟಕಗಳನ್ನು ನೋಡಲು ನೆಲದ ಮೇಲೆ ಕುಳಿತ ಜನರಲ್ಲಿ ಯಾರ ಮನೆಯಲ್ಲಿ ಯಾವ ಮಾತು ಎಂಬುದು ನಗು ಬಂದಾಗ ಗೊತ್ತಾಗುತ್ತಿರಲಿಲ್ಲ. ನಾನು ಹಡಗಲಿಯನ್ನು ಕನ್ನಡದ ಊರು ಎನ್ನುವುದು ಈ ಅರ್ಥದಲ್ಲಿ. ಎಲ್ಲರ ಅಡಿಗೆಮನೆಯೂ ಕನ್ನಡವಾಗಿರುವುದರಿಂದ ಬಂದ ಹೆಸರಲ್ಲ ಇದು. ಎಲ್ಲರ ಅಂಗಳವೂ ಕನ್ನಡಕ್ಕೆ ತೆರೆದಿರುವುದರಿಂದ ಬಂದುದು. ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡ ಗೌರವವೆಂದು ನನಗೆ ತೋರುತ್ತದೆ. ಅಮ್ಮನ ಮಾತನ್ನು ಯಾರೂ ಆರಿಸಿಕೊಂಡಿರುವುದಿಲ್ಲ, ನೆರೆಯವನ ಮಾತನ್ನು ಪ್ರೀತಿಯಿಂದಲೋ ಅಗತ್ಯದಿಂದಲೋ ಕಲಿತಿರುತ್ತಾರೆ.

ಹಾಗಾದರೆ ಆ ಗಾರೆಯವನು 'ಕನ್ನಡ' ಎಂದು ಬರೆಯಿಸಿದುದರಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪು ಅವನದಲ್ಲ. 'ನಾವೇನು ಹೊರಗಿನವರಲ್ಲ' ಎಂಬ ಮಾತನ್ನು ಅವನ ಬಾಯಿಂದ ಹೊರಡಿಸಿದ ಹವೆ ಯಾವುದೋ ಅದರದು ತಪ್ಪು. ಮನೆಯಲ್ಲಿ ಬೇರೆ ಮಾತಾಡುತ್ತೇನೆಂದು ಒಪ್ಪಿಕೊಂಡರೆ ಊರಿನಲ್ಲಿ ತನ್ನ ಕಾಲಡಿಯ ನೆಲ ಸ್ವಲ್ಪ ಕುಸಿದೀತೆಂಬ ಅಂಜಿಕೆ ಅದು. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೊತ್ತು ಈ ದಾರಿಗಳಲ್ಲಿ ನಡೆದಾಡಿದವರು. ದಂಡುಗಳಿಗೆ ಕಾಳು ಒದಗಿಸಿದವರು. ರೈಲು ಬಂದು ಆ ವ್ಯಾಪಾರ ಮುಗಿದ ಮೇಲೆ ಕಾಡುಮೇಡುಗಳ ಅಂಚಿನಲ್ಲಿ ತಾಂಡಾ ಕಟ್ಟಿ ನಿಂತರು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಸುತ್ತ ಅವರ ತಾಂಡಾಗಳು ಎಷ್ಟೋ ಇವೆ. ತಲೆಮಾರುಗಳಿಂದ ಇಲ್ಲಿಯೇ ಹುಟ್ಟಿ ಇಲ್ಲಿಯೇ ಮಣ್ಣಾದವರು 'ಹೊರಗಿನವರಲ್ಲ' ಎಂದು ರುಜುವಾತು ಕೊಡಬೇಕೆ?

ಸರಿ, ಅವನು ಧೈರ್ಯಮಾಡಿ 'ಲಂಬಾಣಿ' ಎಂದೇ ಬರೆಯಿಸಿದ್ದನೆನ್ನಿ. ಆಗ ಏನಾಗುತ್ತಿತ್ತು? ಇಲ್ಲಿಂದ ಮುಂದಿನದು ಇನ್ನೂ ವಿಚಿತ್ರ. ೨೦೧೧ರ ಗಣತಿಯಲ್ಲಿ ದೇಶದ ಜನ ತಮ್ಮ ತಾಯ್ನುಡಿಗೆ ಕೊಟ್ಟ ಹೆಸರುಗಳು ಹತ್ತೊಂಬತ್ತು ಸಾವಿರಕ್ಕೂ ಮಿಗಿಲು. ಅವನ್ನು ಸೋಸಿ, ತೂರಿ, ಕೊನೆಗೆ ೧೨೧ ಭಾಷೆಗಳ ಪಟ್ಟಿ ಮಾಡಿದರು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತುಗಳನ್ನೆಲ್ಲ 'ಇತರ' ಎಂಬ ಗೋಣಿಗೆ ತುಂಬಿದರು. ಲಂಬಾಣಿ ಆ ಗೋಣಿಗೆ ಬೀಳುವಷ್ಟು ಸಣ್ಣ ಮಾತಲ್ಲ. ಅದನ್ನು ತಮ್ಮದೆಂದು ಬರೆಯಿಸಿದವರೇ ದೇಶದಲ್ಲಿ ಮೂವತ್ತೆರಡು ಲಕ್ಷಕ್ಕಿಂತ ಹೆಚ್ಚು. ಆದರೆ ಆ ಮೂವತ್ತೆರಡು ಲಕ್ಷವನ್ನು ಹಿಂದಿಯ ಕೆಳಗೆ, ಹಿಂದಿಯ ಹತ್ತಾರು ಉಪನುಡಿಗಳ ಸಾಲಿನಲ್ಲಿ, ಸೇರಿಸಿ ಕೂಡಿಸಿದ್ದಾರೆ! ಕರ್ನಾಟಕದಲ್ಲಿ ನೂರಕ್ಕೆ ಅರುವತ್ತಾರು ಮಂದಿಯ ಮಾತು ಕನ್ನಡ, ಹತ್ತಕ್ಕಿಂತ ಸ್ವಲ್ಪ ಹೆಚ್ಚು ಉರ್ದು, ಮೂರಕ್ಕಿಂತ ಸ್ವಲ್ಪ ಹೆಚ್ಚು ಹಿಂದಿ ಎಂದು ಪುಸ್ತಕ ಹೇಳುತ್ತದೆ. ಆ ಹಿಂದಿಯಲ್ಲಿ ಒಂದು ದೊಡ್ಡ ಪಾಲು ನಮ್ಮ ತಾಂಡಾಗಳದು. ದಿಲ್ಲಿಯಲ್ಲಿ ಕುಳಿತು ಅಂಕಿಗಳನ್ನು ಓದುವ ಮಹಾಶಯನು ಹಡಗಲಿಯ ಮರಡಿಗಳಲ್ಲಿ ಪ್ರೇಮಚಂದರನ್ನು ಓದುವ ಜನ ತುಂಬಿದ್ದಾರೆಂದು ತಿಳಿದರೆ ತಪ್ಪು ಯಾರದು? ನಿಜವಾಗಿ ತಾಂಡಾದ ಮುದುಕಿಗೆ ಹಿಂದಿಯ ಒಂದು ವಾಕ್ಯವೂ ತಿಳಿಯದು; ಕನ್ನಡ ತಿಳಿಯುತ್ತದೆ.

ಹೀಗೆ ಆ ಮನೆಯವನಿಗೆ ಎರಡೇ ದಾರಿ. ಕನ್ನಡವೆಂದು ಬರೆಯಿಸಿದರೆ ತಾಯಿ ಮರೆಯಾಗುತ್ತಾಳೆ, ಲಂಬಾಣಿ ಎಂದು ಬರೆಯಿಸಿದರೆ ದೂರದ ಹಿಂದಿಯ ತಲೆ ದೊಡ್ಡದಾಗುತ್ತದೆ. ಅವನು ಕನ್ನಡವನ್ನು ಆರಿಸಿಕೊಂಡುದರಲ್ಲಿ ಒಂದು ಬಗೆಯ ವಿವೇಕವೂ ಇತ್ತೋ ಏನೋ.

ಪುಟ್ಟ ಹಳ್ಳಿಗಳ ಮಾತನ್ನು ಹೀಗೆ ಒಂದೇ ಅಂಕಣಕ್ಕೆ ಕಟ್ಟಿಹಾಕಿದರೆ ಎಂಥ ಅನಾಹುತವಾಗಬಹುದೆಂಬುದಕ್ಕೆ ಯೂರೋಪಿನಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಬೆಲ್ಜಿಯಂ ದೇಶದ ಪೂರ್ವದ ಅಂಚಿನಲ್ಲಿ ಆರು ಹಳ್ಳಿಗಳ ಒಂದು ಗುಂಪು. ಫ್ರೆಂಚಿನಲ್ಲಿ ಅದರ ಹೆಸರು ಫೂರೋನ್, ಡಚ್ಚಿನಲ್ಲಿ ಫೂರೆನ್. ಎಲ್ಲ ಸೇರಿ ನಾಲ್ಕು ಸಾವಿರದಷ್ಟು ಜನ. ಅಂದರೆ ನಮ್ಮ ಪುರಸಭೆಯ ಏಳನೆಯ ಒಂದು ಪಾಲು. ಮನೆಯಲ್ಲಿ ಆಡುತ್ತಿದ್ದುದು ಡಚ್ಚಿಗೂ ಜರ್ಮನ್ನಿಗೂ ಹತ್ತಿರವಾದ ಒಂದು ಹಳ್ಳಿನುಡಿ. ಪೇಟೆಗೂ ಕೆಲಸಕ್ಕೂ ಹೋಗುತ್ತಿದ್ದುದು ಫ್ರೆಂಚ್ ಮಾತಿನ ಲಿಯೇಜ್ ನಗರಕ್ಕೆ. ೧೯೩೦ರ ಗಣತಿಯಲ್ಲಿ ಹೆಚ್ಚಿನವರು ಡಚ್ ಎಂದರು, ೧೯೪೭ರಲ್ಲಿ ಹೆಚ್ಚಿನವರು ಫ್ರೆಂಚ್ ಎಂದರು. ಹದಿನೇಳು ವರ್ಷಗಳಲ್ಲಿ ತಾಯಂದಿರ ನಾಲಗೆ ಬದಲಾಯಿತೆ? ಬದಲಾದುದು ಕಾಲದ ಗಾಳಿ. ಇಂಥ ಉತ್ತರಗಳ ಮೇಲೆ ಊರುಗಳ ಆಡಳಿತಭಾಷೆ ನಿರ್ಧಾರವಾಗುತ್ತಿದ್ದುದರಿಂದ ಜಗಳ ಬೆಳೆದು, ೧೯೬೧ರಲ್ಲಿ ಆ ಸರ್ಕಾರ ಗಣತಿಯಲ್ಲಿ ಭಾಷೆಯನ್ನು ಕೇಳುವುದನ್ನೇ ಕೈಬಿಟ್ಟಿತು. ೧೯೬೩ರಲ್ಲಿ ಆ ಆರು ಹಳ್ಳಿಗಳನ್ನು ಫ್ರೆಂಚ್ ಮಾತಿನ ಲಿಯೇಜ್ ಪ್ರಾಂತದಿಂದ ಕಿತ್ತು ಡಚ್ ಮಾತಿನ ಲಿಂಬರ್ಗ್‌ಗೆ ಸೇರಿಸಿದರು. ಇಪ್ಪತ್ತನಾಲ್ಕು ವರ್ಷಗಳ ಮೇಲೆ, ೧೯೮೭ರಲ್ಲಿ, ಅಲ್ಲಿಯ ಮೇಯರನಿಗೆ ಡಚ್ ಬರಬೇಕೊ ಬೇಡವೊ ಎಂಬ ವ್ಯಾಜ್ಯದಿಂದ ಇಡೀ ದೇಶದ ಮಂತ್ರಿಮಂಡಲವೇ ಉರುಳಿತು! ನಾಲ್ಕು ಸಾವಿರ ಜನರ ಮನೆಮಾತು ಒಂದು ರಾಜ್ಯಕ್ಕೆ ಇಷ್ಟು ತೊಂದರೆ ಕೊಟ್ಟುದು, ಅದನ್ನು ಎರಡು ದೊಡ್ಡ ಭಾಷೆಗಳಲ್ಲಿ ಒಂದೆಂದು ಹೇಳಿಯೇ ತೀರಬೇಕೆಂದು ಹಟ ಹಿಡಿದುದರಿಂದ. ಆ ಹಳ್ಳಿನುಡಿಯನ್ನು ಅದರ ಹೆಸರಿನಿಂದ ಕೇಳಿದವರೇ ಇಲ್ಲ.

ನಮ್ಮ ದೇಶದ ನಮೂನೆ ಇದಕ್ಕಿಂತ ಉದಾರವಾದುದು. ತಾಯ್ನುಡಿಯ ಅಂಕಣದ ಪಕ್ಕದಲ್ಲಿ 'ತಿಳಿದಿರುವ ಇತರ ಭಾಷೆಗಳು' ಎಂಬ ಇನ್ನೊಂದು ಅಂಕಣವಿದೆ. ಎರಡು ಭಾಷೆಗಳವರೆಗೆ ಅದರಲ್ಲಿ ಬರೆಯಿಸಬಹುದು. ಹಡಗಲಿಯ ನಿಜವಾದ ಗುಣ ಅಡಗಿರುವುದು ಈ ಎರಡನೆಯ ಅಂಕಣದಲ್ಲಿ. ನಮ್ಮ ಭಾಷಾಭಿಮಾನಿಗಳು ಮೊದಲನೆಯ ಅಂಕಣವನ್ನು ಮಾತ್ರ ನೋಡಿ ಹಿಗ್ಗುತ್ತಾರೆ, ಇಲ್ಲವೆ ಕುಗ್ಗುತ್ತಾರೆ. ನಾನು ೧೯೯೧ರಲ್ಲಿ ಆ ಗಾರೆಯವನ ಮನೆಯಲ್ಲಿ ಮೊದಲನೆಯದರಲ್ಲಿ ಲಂಬಾಣಿ, ಎರಡನೆಯದರಲ್ಲಿ ಕನ್ನಡ ಎಂದು ಬರೆಯಬಹುದಾಗಿತ್ತು, ಅವನಿಗೆ ಎರಡು ಮಾತು ತಿಳಿಯ ಹೇಳಿದ್ದರೆ. ಬಿಸಿಲು ಏರುತ್ತಿತ್ತು, ಇನ್ನೂ ಮೂವತ್ತು ಮನೆ ಉಳಿದಿದ್ದುವು. ತಿಳಿಯ ಹೇಳಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. ಗೆಳೆಯರೊಬ್ಬರು ಈಗಾಗಲೇ ಕಟುವಾಗಿಯೇ ಹೇಳಿದ್ದಾರೆ. 'ಎಲ್ಲರೂ ಹೀಗೆ ತಂತಮ್ಮ ಮನೆಮಾತನ್ನು ಬರೆಯಿಸುತ್ತ ಹೋದರೆ ಕನ್ನಡದ ಸಂಖ್ಯೆ ಇಳಿಯುತ್ತದೆ. ಗಡಿಯಲ್ಲಿ ನಾಳೆ ಯಾರಾದರೂ ಕೈಚಾಚಿದರೆ ಏನು ಗತಿ?' ಎಂದು. ೧೯೫೩ನ್ನು ಕಂಡ ಸೀಮೆಯಲ್ಲಿ ಈ ಭಯ ಹಾಸ್ಯಾಸ್ಪದವಲ್ಲ. ಹಡಗಲಿ ಮೈಸೂರಿಗೆ ಸೇರಿದ ಮೇಲೆಯೂ, ೧೯೫೫ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ತುಂಗಭದ್ರಾ ಅಣೆಕಟ್ಟಿನ ಕಾರಣ ಒಡ್ಡಿ ಆಂಧ್ರಕ್ಕೆ ಕೊಡಬೇಕೆಂದು ಸಲಹೆ ಮಾಡಿತ್ತು. ಜನ ಎದ್ದು ನಿಂತುದರಿಂದ ಅದು ತಪ್ಪಿತು. ಆದರೆ ಗೆಳೆಯರಿಗೆ ನಾನು ಕೇಳುವುದು ಇದು. ಆದೋನಿ, ಆಲೂರು, ರಾಯದುರ್ಗಗಳಲ್ಲಿ ಉಳಿದುಹೋದ ಕನ್ನಡಿಗರು ಸಂತೆಯಲ್ಲಿ ತೆಲುಗು ಆಡುತ್ತಾರೆ, ಕಚೇರಿಯಲ್ಲಿ ತೆಲುಗಿನಲ್ಲಿ ಅರ್ಜಿ ಬರೆಯುತ್ತಾರೆ. ಕಾಸರಗೋಡಿನ ಕನ್ನಡಿಗರ ಸುತ್ತ ಮಲೆಯಾಳ. ಅವರು ಗಣತಿಯವನ ಮುಂದೆ ಏನು ಬರೆಯಿಸಬೇಕು? 'ನಾವೇನು ಹೊರಗಿನವರಲ್ಲ, ತೆಲುಗು ಬರ್ಕೊಳ್ರಿ' ಎಂದು ಅಲ್ಲಿಯ ಕನ್ನಡಿಗ ಹೇಳಿದರೆ ನಮ್ಮ ಸಂಘಗಳು ಠರಾವು ಮಾಡುತ್ತವೆ, ಪತ್ರಿಕೆಗಳು ಅಗ್ರಲೇಖನ ಬರೆಯುತ್ತವೆ, ನಾನೂ ಬರೆದೇನು. ಅದೇ ಮಾತನ್ನು ಹಡಗಲಿಯ ಲಂಬಾಣಿಗ ಹೇಳಿದಾಗ ನಮಗೆ ಸಂತೋಷವಾಗುತ್ತದೆ. ಅಳತೆಗೋಲು ಎರಡಾಯಿತಲ್ಲ! ರಾಯದುರ್ಗದ ಅಮ್ಮನ ಕನ್ನಡಕ್ಕೆ ನಾವು ಕೇಳುವ ನ್ಯಾಯವನ್ನು ಹಡಗಲಿಯ ಯಾಡಿಯ ಮಾತಿಗೆ ಕೊಡದಿದ್ದರೆ ಕೇಳುವ ಬಾಯಿ ನಮಗೆ ಇರದು. ಅಲ್ಲದೆ ಹಡಗಲಿಯಂಥ ಊರಿನಲ್ಲಿ ಕನ್ನಡಕ್ಕೆ ಅಪಾಯವೆಂಬುದಿದ್ದರೆ ಅದು ತಾಂಡಾದಿಂದ ಬರುವುದಿಲ್ಲ. ಅಚ್ಚಕನ್ನಡದ ಮನೆಗಳಿಂದಲೇ ಕೋಟು, ಟೈ ಹಾಕಿಸಿಕೊಂಡು ಹಳದಿ ಬಸ್ಸು ಹತ್ತುವ ಮಕ್ಕಳ ಕಡೆಗೆ ಗೆಳೆಯರು ಒಮ್ಮೆ ನೋಡಬೇಕು. ಸರ್ಕಾರಿ ಕನ್ನಡ ಶಾಲೆಯ ಬೆಂಚುಗಳನ್ನು ಇಂದು ತುಂಬಿರುವವರಲ್ಲಿ ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳೂ ಸಾಕಷ್ಟು ಇದ್ದಾರೆಂಬುದು ಮೂವತ್ತು ವರ್ಷ ಹಾಜರಿ ಕರೆದ ನನ್ನ ಅನುಭವ.

೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿ ಕೊರೋನಾ ಕಾಲದಲ್ಲಿ ನಿಂತುಹೋಯಿತು. ಅದೇ ವರ್ಷ ಹಡಗಲಿ ಬಳ್ಳಾರಿಯನ್ನು ಬಿಟ್ಟು ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಒಂದು ನೂರು ವರ್ಷದೊಳಗೆ ಈ ಊರಿನ ವಿಳಾಸ ಎಷ್ಟನೆಯ ಸಲ ಬದಲಾಯಿತೋ, ಕಾಗದ ಹಂಚುವವರೇ ಬಲ್ಲರು. ಮುಂದಿನ ಎಣಿಕೆಯ ಆಧಾರದ ಹೊತ್ತು ೨೦೨೭ರ ಮಾರ್ಚ್ ಒಂದರ ನಡುರಾತ್ರಿ ಎಂದು ೨೦೨೫ರ ಜೂನಿನಲ್ಲಿ ಪ್ರಕಟವಾಗಿದೆ. ಜಾತಿಯನ್ನೂ ಈ ಸಲ ಬರೆದುಕೊಳ್ಳುತ್ತಾರಂತೆ. ಕಾಗದವಿಲ್ಲ, ಎಲ್ಲ ಮೊಬೈಲಿನಲ್ಲಿ.

ಮನೆಮನೆಯ ಎಣಿಕೆ ಫೆಬ್ರವರಿಯಲ್ಲಿ. ಹಡಗಲಿ ತಾಲ್ಲೂಕಿಗೆ ಇದು ಎಂಥ ತಿಂಗಳೆಂಬುದನ್ನು ದಿಲ್ಲಿಯವರಿಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಆ ತಿಂಗಳ ಇಪ್ಪತ್ತರಂದು ಭಾರತ ಹುಣ್ಣಿಮೆ. ಅದರ ಬೆನ್ನಿಗೇ ಮೈಲಾರದ ಕಾರಣಿಕ. ತಿಂಗಳೆಲ್ಲ 'ಏಳುಕೋಟಿ' ಎಂಬ ಘೋಷ. ಮಹಾರಾಷ್ಟ್ರದವರಿಗೆ ಖಂಡೋಬಾ, ತೆಲುಗರಿಗೆ ಮಲ್ಲಣ್ಣ ಆದ ಆ ಮೈಲಾರಲಿಂಗನ ಹೆಸರಿನಲ್ಲಿ ಬಂಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಲಕ್ಷಾಂತರ ಜನ ಬಂದು ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದರೆ ಅಷ್ಟು ಮಂದಿಯೂ ಮೌನ. ಆಮೇಲೆ ಆತ ಆಡುವುದು ಒಂದೇ ಒಂದು ಮಾತು, ಕನ್ನಡದಲ್ಲಿ. ಅದನ್ನು ಕೇಳಿಸಿಕೊಂಡು ಮರಾಠಿಯವನು ಮರಾಠಿಯಲ್ಲಿ, ತೆಲುಗಿನವನು ತೆಲುಗಿನಲ್ಲಿ, ಲಂಬಾಣಿಗನು ತನ್ನ ಮಾತಿನಲ್ಲಿ ಮಳೆಬೆಳೆಯ ಅರ್ಥ ಹೇಳಿಕೊಳ್ಳುತ್ತ ಊರಿಗೆ ಹಿಂದಿರುಗುತ್ತಾನೆ. ೨೦೧೧ರಲ್ಲಿ ಇಡೀ ಕರ್ನಾಟಕವನ್ನು ಎಣಿಸಿದರೂ ಆರು ಕೋಟಿ ಹನ್ನೊಂದು ಲಕ್ಷವಾಯಿತು; ಗೊರವಯ್ಯನ ಲೆಕ್ಕವೇ ದೊಡ್ಡದು.

ಜಾತ್ರೆಗೆ ಬಂದವರು ಹೋಗಿಬಿಡುತ್ತಾರೆ, ಅವರ ಲೆಕ್ಕ ಅವರ ಊರಿನಲ್ಲಿ. ನನಗೆ ಚಿಂತೆ ಇರುವುದು ಇಲ್ಲಿಂದ ಹೋದವರದು. ಹಿಂಗಾರು ಕೈಕೊಟ್ಟ ವರ್ಷ ತಾಂಡಾದ ಗಟ್ಟಿಗರೆಲ್ಲ ಗುಳೆ ಹೊರಟಿರುತ್ತಾರೆ: ಮಂಡ್ಯದ ಕಡೆ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ. ಯುಗಾದಿಯ ಹೊತ್ತಿಗೆ ತಿರುಗಿ ಬರುತ್ತಾರೆ. ಎಣಿಕೆಯ ಅವಧಿಯಲ್ಲೆಲ್ಲ ಊರಲ್ಲಿರದವನನ್ನು ಆ ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಈವರೆಗಿನ ಗಣತಿಗಳ ನಿಯಮ. ಹಾಗಾಗಿ ಹಡಗಲಿಯ ಜನಸಂಖ್ಯೆ ಎಂದು ಮುಂದೆ ಪುಸ್ತಕದಲ್ಲಿ ಅಚ್ಚಾಗುವುದು ಮುದುಕರನ್ನೂ ಅವರ ವಶದಲ್ಲಿ ಬಿಟ್ಟ ಮಕ್ಕಳನ್ನೂ ಹೆಚ್ಚಾಗಿ ಎಣಿಸಿದ ಒಂದು ಸಂಖ್ಯೆ. ಕಬ್ಬಿನ ಗದ್ದೆಯ ಗುಡಿಸಲಿನ ಮುಂದೆ ನಿಂತ ಗಣತಿಯವನು ಆ ಜನರ ಮಾತನ್ನು ಏನೆಂದು ಗುರುತಿಸುತ್ತಾನೋ!

ಕಳೆದ ದಸರೆಯ ರಜೆಯಲ್ಲಿ ಹಡಗಲಿಗೆ ಹೋಗಿದ್ದೆ. ಬಸ್‌ನಿಲ್ದಾಣದಲ್ಲಿ ತರುಣನೊಬ್ಬ ಬಂದು ಕಾಲಿಗೆ ಎರಗಿದ. ಗುರುತು ಹತ್ತಲಿಲ್ಲ. ಗಾರೆ ಕೆಲಸದವನ ಮಗ. ಅಂದು 'ಯಾಡಿ' ಎಂದು ಅಳುತ್ತ ಬಂದ ಮಗು. ಈಗ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಸ್ತರ. ತಂದೆ ತೀರಿಕೊಂಡು ಆರು ವರ್ಷವಾಯಿತಂತೆ. ಚಹಾ ಕುಡಿಯುತ್ತ ಗಣತಿಯ ಮಾತು ಬಂದಿತು; ತನಗೂ ಆ ಕೆಲಸ ತಪ್ಪಿದ್ದಲ್ಲ ಎಂದ. ನಾನು ಹಳೆಯ ಸಂಗತಿಯನ್ನು, ಅವನ ತಂದೆ ಬರೆಯಿಸಿದುದನ್ನು, ನಾನು ಬರೆದುಕೊಂಡುದನ್ನು ಹೇಳಿದೆ. ಅವನಿಗೆ ಅದು ಗೊತ್ತಿರಲಿಲ್ಲ. ಕೆಲ ಹೊತ್ತು ಲೋಟವನ್ನು ತಿರುಗಿಸುತ್ತ ಕುಳಿತಿದ್ದ.

'ನಮ್ಮ ಓಣಿ ನನಗಽ ಬಂದರ ಚಲೋ ಆಕ್ಕತಿ ಸರ' ಎಂದ. 'ಯಾಡಿ ಇನ್ನೂ ಅದಾಳ. ಅಕೀನ್ನ ಕೇಳ್ತೀನಿ.'